ಮೀನಿನ ತಾಜಾತನ ಅಳೆಯುವ ಮೀಟರ್: ನನ್ನ ಹೋಟೆಲಿನ ಅಡುಗೆಮನೆಯಲ್ಲಿ ಎರಡು ತಿಂಗಳು

ಜೂನ್ ಬಂತೆಂದರೆ ನಮ್ಮ ಹೋಟೆಲಿನ ಖಾಯಂ ಗಿರಾಕಿಗಳದ್ದು ಒಂದೇ ಮಾತು: "ಅಕ್ಕ, ಮೀನು ಕೆಟ್ಟಿಲ್ಲ, ಆದ್ರೆ ರುಚಿ ಇಲ್ಲ." ನನ್ನ ಊರು ಗಂಗೊಳ್ಳಿ. ಬೆಂಗಳೂರಿನಲ್ಲಿ ಮೀನೂಟದ ಹೋಟೆಲ್ ಶುರು ಮಾಡಿ ಹನ್ನೊಂದು ವರ್ಷವಾಯಿತು. ಇಷ್ಟು ದಿನ ನಾನು ಮಸಾಲೆಯನ್ನೇ ಅನುಮಾನಿಸುತ್ತಿದ್ದೆ. ಮೆಣಸು ಬದಲಾಯಿಸಿದೆ, ಹುಣಸೆಹಣ್ಣು ಬದಲಾಯಿಸಿದೆ, ಅಡುಗೆಯವರ ಮೇಲೂ ರೇಗಿದೆ. ತಪ್ಪು ಅವರದ್ದಲ್ಲ ಅಂತ ಈ ಮಳೆಗಾಲದಲ್ಲಿ ಗೊತ್ತಾಯಿತು.

ಪರಿಚಯದ ಹುಡುಗರು ಪ್ರಯೋಗಕ್ಕೆಂದು ಒಂದು ಬಯೋಸೆನ್ಸರ್ ಮೀಟರ್ ಕೊಟ್ಟಿದ್ದರು. ಇನ್ನೂ ಅಂಗಡಿಗೆ ಬಂದಿಲ್ಲ, ಹಾಗಾಗಿ ಹೆಸರು ಬರೆಯುವುದಿಲ್ಲ. ನೋಡಲು ಶುಗರ್ ಚೆಕ್ ಮಾಡುವ ಮಿಷನ್ ತರಹವೇ ಇದೆ. ಮೀನಿನ ತಲೆಯ ಹಿಂದೆ, ಬೆನ್ನಿನ ಕಡೆಯಿಂದ ಉಗುರಿನಷ್ಟು ಮಾಂಸ ಕತ್ತರಿಸಿ ತೂಗಬೇಕು, ಅವರೇ ಕೊಟ್ಟ ದ್ರಾವಣದಲ್ಲಿ ಅರೆದು ಸೋಸಬೇಕು, ಒಂದು ಹನಿ ಪಟ್ಟಿಯ ಮೇಲೆ ಬಿಡಬೇಕು. ಮೂರು ನಿಮಿಷಕ್ಕೆ ಒಂದು ಸಂಖ್ಯೆ ಬರುತ್ತದೆ. ಅರೆದು ಸೋಸುವ ಕೆಲಸ ಬೆಳಗಿನ ಗಡಿಬಿಡಿಯಲ್ಲಿ ರೇಜಿಗೆಯೇ ಸರಿ.

ಅದು ಅಳೆಯುವುದು ವಾಸನೆಯನ್ನಲ್ಲ. ಮೀನು ಸತ್ತ ಮೇಲೆ ಅದರ ಸ್ನಾಯುವಿನಲ್ಲಿರುವ ಎಟಿಪಿ, ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ವಸ್ತು, ಹಂತಹಂತವಾಗಿ ಒಡೆಯುತ್ತಾ ಹೋಗುತ್ತದೆ. ನಡುವೆ ಐಎಂಪಿ ಅನ್ನುವ ವಸ್ತು ಉಂಟಾಗುತ್ತದೆ. ತಾಜಾ ಮೀನಿನ ರುಚಿಯಲ್ಲಿ ದೊಡ್ಡ ಪಾಲು ಇದರದ್ದೇ. ಅದೂ ಒಡೆದು ಇನೋಸಿನ್ ಆಗಿ, ಕೊನೆಗೆ ಹೈಪೋಕ್ಸಾಂಥಿನ್ ಆಗುತ್ತದೆ, ಅದು ಕಹಿ. ಪಟ್ಟಿಯ ಮೇಲೆ ಕೂರಿಸಿರುವ ಕ್ಸಾಂಥಿನ್ ಆಕ್ಸಿಡೇಸ್ ಎಂಬ ಕಿಣ್ವ ಈ ಹೈಪೋಕ್ಸಾಂಥಿನ್ ಅನ್ನು ಯೂರಿಕ್ ಆಮ್ಲ ಮಾಡುವಾಗ ಹೈಡ್ರೋಜನ್ ಪೆರಾಕ್ಸೈಡ್ ಹೊರಬರುತ್ತದೆ, ಅದನ್ನು ಮೀಟರ್ ಹಿಡಿಯುತ್ತದೆ. ಸಂಖ್ಯೆ ಹೆಚ್ಚಾದಷ್ಟೂ ತಾಜಾತನ ಕಡಿಮೆ. ಜಪಾನಿನವರು 1959ರಲ್ಲೇ ಈ ಒಡೆಯುವಿಕೆಯನ್ನು ಲೆಕ್ಕಕ್ಕೆ ತಂದು 'ಕೆ ಮೌಲ್ಯ' ಅಂತ ಕರೆದರು. ಒಟ್ಟಿನಲ್ಲಿ ಎಷ್ಟು ಪಾಲು ಇನೋಸಿನ್, ಹೈಪೋಕ್ಸಾಂಥಿನ್ ಆಗಿದೆ ಅನ್ನುವ ಲೆಕ್ಕ ಅದು; ಹಸಿಯಾಗಿ ತಿನ್ನುವ ಮೀನಿಗೆ ಶೇಕಡಾ 20ರೊಳಗೆ ಇರಬೇಕು ಅನ್ನುತ್ತಾರೆ.

ಜೂನ್ ಮೊದಲ ವಾರದ ಒಂದು ದಿನ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ರವರೆಗೆ ಇರುತ್ತದೆ. ಅಂದರೆ ಆ ಎರಡು ವಾರ ಎರಡೂ ಕಡೆ ಬೋಟು ಇಳಿಯುವುದಿಲ್ಲ. ನಾಡದೋಣಿಯ ಮೀನು ಬೆಂಗಳೂರಿಗೆ ಎಷ್ಟು ತಾನೇ ಬಂದೀತು? ಅಂಥ ದಿನ ನನಗೆ ಎರಡು ಕಡೆಯಿಂದ ಬಂಗುಡೆ ಬಂತು. ಎರಡರದ್ದೂ ಕಣ್ಣು ಉಬ್ಬಿತ್ತು, ಕಿವಿರು ಕೆಂಪಗಿತ್ತು, ಬೆರಳಿಂದ ಒತ್ತಿದರೆ ಮಾಂಸ ಹಾಗೇ ಎದ್ದು ನಿಲ್ಲುತ್ತಿತ್ತು. ಮೀಟರ್ ಒಂದಕ್ಕೆ 0.4 ತೋರಿಸಿತು, ಇನ್ನೊಂದಕ್ಕೆ 1.9. ನಂಬಿಕೆ ಬರಲಿಲ್ಲ. ಎರಡನ್ನೂ ಬರೀ ಉಪ್ಪು, ಅರಿಶಿನ ಹಾಕಿ ಬೇಯಿಸಿ ಅಮ್ಮನ ಮುಂದೆ ಇಟ್ಟೆ, ಯಾವುದು ಯಾವುದೆಂದು ಹೇಳಲಿಲ್ಲ. ಮೊದಲನೆಯದನ್ನು ತಿಂದು ಸುಮ್ಮನಿದ್ದರು. ಎರಡನೆಯದು ನಾಲಿಗೆಗೆ ತಾಗಿದ್ದೇ, "ಇದ್ ಎಂತ ಚಪ್ಪೆ ಮಾರಾಯ್ತಿ, ಕಡಿಗೆ ಕೈ ಕೈ" ಅಂದರು. ನಾನೂ ತಿಂದು ನೋಡಿದೆ. ಸಿಹಿಯಂಶ ಪೂರ್ತಿ ಹೋಗಿ, ನುಂಗುವಾಗ ನಾಲಿಗೆಯ ಬುಡದಲ್ಲಿ ತೆಳ್ಳಗೆ ಕಹಿ. ಕೆಟ್ಟ ವಾಸನೆ ಚೂರೂ ಇರಲಿಲ್ಲ. ಐಸಿನಲ್ಲಿ ಜೋಪಾನವಾಗಿಟ್ಟ ಮೀನು ಕೊಳೆಯುವ ಎಷ್ಟೋ ಮೊದಲೇ ರುಚಿ ಕಳೆದುಕೊಂಡಿರುತ್ತದೆ. ನನ್ನ ಗಿರಾಕಿಗಳು ಇಷ್ಟು ವರ್ಷ ಹೇಳುತ್ತಿದ್ದದ್ದು ಇದನ್ನೇ.

ಕೊಳೆತ ಮೀನು ಹಿಡಿಯಲು ಈ ಮೀಟರ್ ಬೇಡ, ಮೂಗು ಸಾಕು. ಮೂಗಿಗೆ ಸಿಗದ ಆ ನಡುವಿನ ದಿನಗಳಿಗೆ ಇದು ಬೇಕು.

ಇನ್ನು ದೊಡ್ಡ ದೋಷ. ಕಿಣ್ವ ಇರುವುದರಿಂದ ಪಟ್ಟಿಗಳನ್ನು ಫ್ರಿಜ್ಜಿನಲ್ಲಿಡಬೇಕು. ಒಂದು ಮಧ್ಯಾಹ್ನ ಪ್ಯಾಕೆಟ್ ಒಲೆಯ ಪಕ್ಕದ ಕಟ್ಟೆಯ ಮೇಲೇ ಉಳಿಯಿತು. ಮರುದಿನ ಎಲ್ಲ ಮೀನೂ 0.1, 0.2! ಮೊದಲು ಖುಷಿಪಟ್ಟೆ, ಆಮೇಲೆ ಹೊಳೆಯಿತು: ಕಿಣ್ವ ಸತ್ತರೆ ಅಳೆಯಲು ಏನೂ ಇರುವುದಿಲ್ಲ, ಮೀಟರ್ ಎಲ್ಲವನ್ನೂ 'ತಾಜಾ' ಅನ್ನುತ್ತದೆ. ಹಾಳಾದ ಸಾಧನ ಗಾಬರಿಪಡಿಸಿದರೆ ಪರವಾಗಿಲ್ಲ, ಧೈರ್ಯ ಹೇಳಬಾರದು. ಪಟ್ಟಿ ಜೀವಂತವಿದೆಯೋ ಇಲ್ಲವೋ ನೋಡಲು ಪ್ರತಿ ಪ್ಯಾಕೆಟ್ಟಿನ ಜೊತೆ ಗೊತ್ತಿರುವ ಅಳತೆಯ ದ್ರಾವಣ ಕೊಡಲೇಬೇಕು ಅಂತ ಹುಡುಗರಿಗೆ ಹೇಳಿದ್ದೇನೆ. ಅದಿಲ್ಲದೆ ಮಾರಾಟಕ್ಕೆ ತರಬಾರದು.

ಎಲ್ಲ ಮೀನಿಗೂ ಒಂದೇ ಗೆರೆ ಎಳೆಯಲಾಗದು ಅನ್ನುವುದೂ ಗೊತ್ತಿರಲಿ. ಕೆಲವು ಜಾತಿಯಲ್ಲಿ ಇನೋಸಿನ್ನೇ ಹೆಚ್ಚು ಶೇಖರವಾಗುತ್ತದೆ, ಹೈಪೋಕ್ಸಾಂಥಿನ್ ನಿಧಾನ. ಚಟ್ಲಿ (ಸಿಗಡಿ), ಬೊಂಡಾಸಿನ (ಸ್ಕ್ವಿಡ್) ದಾರಿಯೇ ಬೇರೆ, ಅವಕ್ಕೆ ಇದರಲ್ಲಿ ಕೋಷ್ಟಕವೇ ಇಲ್ಲ. ಬಂಗುಡೆ, ಕೇದರ (ಟ್ಯೂನಾ) ಬಿಸಿಲಲ್ಲಿ ಉಳಿದರೆ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಹುರಿದರೂ ಹೋಗದ ಅದು, ತಿಂದವರ ಮುಖ ಕೆಂಪಾಗಿಸಿ ಮೈಯೆಲ್ಲ ದದ್ದು ಏಳಿಸುತ್ತದೆ. ಅದನ್ನು ಈ ಮೀಟರ್ ಹೇಳುವುದಿಲ್ಲ. ಮೀನು ಕೆಡದಂತೆ ಕೆಲವರು ಕಳ್ಳತನದಲ್ಲಿ ಹಾಕುವ ಫಾರ್ಮಾಲಿನ್ ಎಂಬ ರಾಸಾಯನಿಕವನ್ನೂ ಹೇಳುವುದಿಲ್ಲ. ಅದಕ್ಕೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ 2018ರಲ್ಲಿ ಹೊರತಂದ ಕಾಗದದ ಪಟ್ಟಿ ಬೇರೆ ಇದೆ.

ನನಗೆ ಹೇಳಿರುವ ದರ ಪಟ್ಟಿಯೊಂದಕ್ಕೆ 90 ರೂಪಾಯಿ. ಬೈಗೆ (ಬೂತಾಯಿ), ಬಂಗುಡೆಯ ಪ್ರತಿ ಕ್ರೇಟಿಗೆ ಅಷ್ಟು ಸುರಿಯಲಾರೆ. ಆದರೆ ನಿಷೇಧದ ದಿನಗಳಲ್ಲಿ ಹತ್ತು ಕೆಜಿಯ ಅಂಜಲ್ ಕೊಳ್ಳುವಾಗ 90 ರೂಪಾಯಿಗೆ ನೋಡುವುದೇನಿದೆ? ಈಗ ಮೀನು ಹಾಕುವವರು ಅಂಜಲ್ ಇಳಿಸಿದ ಮೇಲೆ ತಾವಾಗಿಯೇ ಮೂರು ನಿಮಿಷ ಕಾಯುತ್ತಾರೆ. ಆಗಸ್ಟ್ ಎರಡನೇ ವಾರ ಮಲ್ಪೆಯಿಂದ ರಾತ್ರಿ ಹೊರಟ ಲಾರಿಯ ಬಂಗುಡೆಗೆ ಪಟ್ಟಿ ಹಾಕಿದೆ. 0.2 ಬಂತು. ಅವತ್ತು ಪಟ್ಟಿ ಒಲೆಯ ಹತ್ತಿರ ಇರಲಿಲ್ಲ.