ಬಲೂನಿನ ಬಟ್ಟೆಗೆ ತೇಪೆ ಹಾಕಿಸುವ ಮುನ್ನ ಇದನ್ನು ಓದಿ

ಅಮೆರಿಕದ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ಅಕ್ಟೋಬರ್‌ನ ಬಿಸಿಗಾಳಿ ಬಲೂನ್ ಹಬ್ಬ ಹತ್ತಿರವಾದಂತೆ ಹರಿದ ಬಲೂನುಗಳನ್ನು ಹೊಲಿಸುವ ಅವಸರ ಶುರುವಾಗುತ್ತದೆ. ಕಳೆದ ವರ್ಷ ಆ ಅವಸರಕ್ಕೆ ನಾನೂ ಬಲಿಯಾದೆ. ಇಲ್ಲಿರುವ ಕನ್ನಡಿಗರಲ್ಲಿ ಇಬ್ಬರು ಹಳೆಯ ಬಲೂನು ಕೊಳ್ಳುವ ಮಾತನಾಡುತ್ತಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಗೆಳೆಯನೊಬ್ಬನ ಜೊತೆ ಸೇರಿ ಕೊಂಡ 77,000 ಘನ ಅಡಿಯ ಸೆಕೆಂಡ್ ಹ್ಯಾಂಡ್ ಬಲೂನು. ಆಗಸ್ಟ್‌ನ ಒಂದು ಬೆಳಿಗ್ಗೆ ಗಾಳಿ ಜೋರಾಗಿ, ಇಳಿಯುವಾಗ ಬಟ್ಟೆಯ ಚೀಲ ಮುಳ್ಳುತಂತಿ ಬೇಲಿಯ ಮೇಲೆ ಮಲಗಿತು. ನೆತ್ತಿಯ ಸಮೀಪ ಎರಡು ಅಡಿ ಹರಿಯಿತು. ಬುಟ್ಟಿಯ ಮೇಲೆ ತೆರೆದಿರುವ ಬಾಯಿಯ ಬಳಿ ಬರ್ನರ್ ಜ್ವಾಲೆ ತಾಗಿ ಅಂಗೈಯಗಲ ಸುಟ್ಟಿತು. ಬಟ್ಟೆಯ ತುಂಬ ನೆಗ್ಗಿಲು ಮುಳ್ಳು. ನಮ್ಮೂರಿನ ಹೊಲದ ಬದುವಿನಲ್ಲಿರುವ ಅದೇ ನೆಗ್ಗಿಲು ಈ ಸೀಮೆಯಲ್ಲೂ ಹಬ್ಬಿದೆ.

ಅಮೆರಿಕದ ನಿಯಮದಂತೆ, ತಯಾರಕರ ಕೈಪಿಡಿ ಒಪ್ಪುವ ಸಣ್ಣಪುಟ್ಟ ಹರುಕುಗಳನ್ನು ಪೈಲಟ್ ಪರವಾನಗಿ ಇರುವ ಮಾಲೀಕನೇ ಸರಿಪಡಿಸಬಹುದು. ಆದರೆ ಲೋಡ್ ಟೇಪಿನ ದುರಸ್ತಿ ಅದರಲ್ಲಿ ಸೇರುವುದಿಲ್ಲ. ಬುಟ್ಟಿ, ಸಿಲಿಂಡರು, ಜನ, ಎಲ್ಲರ ಭಾರ ಹೊರುವುದು ಬಟ್ಟೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಹೊಲಿದಿರುವ ಈ ಪಟ್ಟಿಗಳು. ನನ್ನ ಹರುಕು ಒಂದು ಪಟ್ಟಿಯ ಅಂಚನ್ನು ಕೊಯ್ದಿತ್ತು. ಅಧಿಕೃತ ದುರಸ್ತಿ ಕೇಂದ್ರ ಹೇಳಿದ್ದು 900 ಡಾಲರ್, ಆರು ವಾರ. ಹಬ್ಬಕ್ಕೆ ಉಳಿದಿದ್ದುದು ನಾಲ್ಕೇ ವಾರ. ಅಷ್ಟರಲ್ಲಿ ಪರಿಚಯದವರೊಬ್ಬರ ಮೂಲಕ ಒಬ್ಬ ವ್ಯಕ್ತಿ ಸಿಕ್ಕಿದ. ಮನೆಗೇ ಬಂದು ಹೊಲಿಯುತ್ತೇನೆ, 180 ಡಾಲರ್ ಸಾಕು, ಪಟ್ಟಿಗೆ ಏನೂ ಆಗಿಲ್ಲ ಎಂದ. ನಾನು ಒಪ್ಪಿದೆ.

ಹೊಲಿಗೆ ನೋಡಲು ಚೆಂದವಾಗಿತ್ತು, ಬಣ್ಣವೂ ಹೊಂದಿತ್ತು. ಹಬ್ಬಕ್ಕೆ ಮೊದಲಿನ ಭಾನುವಾರ ಮೈದಾನದಲ್ಲಿ ಬಲೂನು ಹರಡಿ ಫ್ಯಾನಿನಿಂದ ಗಾಳಿ ತುಂಬಿದಾಗಲೂ ಸರಿಯಾಗಿಯೇ ಇತ್ತು. ಬರ್ನರ್ ಹಚ್ಚಿ ಬಲೂನು ಎದ್ದು ನಿಂತ ಮೇಲೆ, ಕಂಬಳಿ ಹರಿದಂಥ ಶಬ್ದ ಮೇಲಿನಿಂದ ಬಂತು. ತಲೆಯೆತ್ತಿದರೆ ತೇಪೆಯ ಪಕ್ಕದಲ್ಲಿ ಆಕಾಶ ಕಾಣುತ್ತಿತ್ತು. ಬಿಸಿಗಾಳಿಯ ಒತ್ತಡ ನೆತ್ತಿಯಲ್ಲೇ ಅತಿ ಹೆಚ್ಚು. ಹರುಕು ಸರ್ರನೆ ಏರಿ ಮೇಲಿನ ಅಡ್ಡಪಟ್ಟಿಗೆ ತಾಗಿ ನಿಂತಿತು. ಹಗ್ಗ ಎಳೆದು ನೆತ್ತಿಯಲ್ಲಿ ಬಿಸಿಗಾಳಿ ಹೊರಬಿಡುವ ಪ್ಯಾರಾಚೂಟ್ ಕವಾಟ ತೆರೆದು ಬಲೂನನ್ನು ಮಲಗಿಸಿದೆ. ನನ್ನ ಹೆಂಡತಿ ಬುಟ್ಟಿ ಹತ್ತಲು ಒಂದು ಕಾಲೆತ್ತಿದ್ದಳು. ಆ ಎರಡು ನಿಮಿಷ ನೆನೆದರೆ ಇಂದಿಗೂ ನನ್ನ ಕೈ ತಣ್ಣಗಾಗುತ್ತದೆ.

ಆಮೇಲೆ ಅಧಿಕೃತ ಕೇಂದ್ರದಲ್ಲಿ ನನ್ನ ಕಣ್ಣೆದುರೇ ಪರೀಕ್ಷೆ ಮಾಡಿದರು. ಒಂದಿಂಚು ಅಗಲದ ಎರಡು ಹಿಡಿಕೆಗಳಿಂದ ಬಟ್ಟೆಯನ್ನು ಕಚ್ಚಿ, ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯುವುದು. ಇದಕ್ಕೆ ಗ್ರ್ಯಾಬ್ ಟೆಸ್ಟ್ ಎನ್ನುತ್ತಾರೆ. ನನ್ನ ಬಲೂನಿನ ಬಟ್ಟೆ 30 ಪೌಂಡ್ ತಾಳಬೇಕಿತ್ತು. ತೇಪೆಯ ಸುತ್ತಲಿನದು 20 ದಾಟುವ ಮೊದಲೇ ಹರಿಯಿತು. ಹೊಲಿಗೆ ಬಿಟ್ಟಿರಲಿಲ್ಲ, ಹೊಸ ನೈಲಾನ್ ಗಟ್ಟಿಯಾಗಿಯೇ ಇತ್ತು. ಅದನ್ನು ಹಿಡಿದುಕೊಳ್ಳಬೇಕಾದ ಹಳೆಯ ಬಟ್ಟೆಯೇ ಸತ್ತಿತ್ತು. ಆಲ್ಬುಕರ್ಕಿ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಅಷ್ಟೇ ಭಾರ ಎತ್ತಲು ಒಳಗೆ ಹೆಚ್ಚು ಕಾವು ಬೇಕು, ಬಿಸಿಲಂತೂ ಪ್ರಖರ. ಎರಡೂ ಸೇರಿ ನೆತ್ತಿಯ ನೈಲಾನನ್ನು ಮೊದಲು ತಿನ್ನುತ್ತವೆ.

ಕೌದಿ ಹೊಲಿಯುವಾಗ ಅಮ್ಮ ಹಳೆಯ ಸೀರೆಯ ಪ್ರತಿ ತುಂಡನ್ನೂ ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡುತ್ತಿದ್ದಳು. ಪಿಸಿದರೆ ಪಕ್ಕಕ್ಕೆಸೆಯುತ್ತಿದ್ದಳು. ಸೂಜಿ ಹಿಡಿಯುವ ಮೊದಲು ಆ ವ್ಯಕ್ತಿ ಅಷ್ಟನ್ನೂ ಮಾಡಲಿಲ್ಲ, ನಾನೂ ಕೇಳಲಿಲ್ಲ.

ಇನ್ನೊಂದು ಅಪರಾಧವನ್ನು ಕೇಂದ್ರದವರೇ ತೋರಿಸಿದರು. ಬಾಯಿಯ ಸುತ್ತ ಇರುವುದು ನೊಮೆಕ್ಸ್. ಬೆಂಕಿ ತಾಗಿದರೂ ಕರಗಿ ತೊಟ್ಟಿಕ್ಕದ ಬಟ್ಟೆ. ಆತ ಅಲ್ಲಿಗೆ ಅದೇ ಬಣ್ಣದ ನೈಲಾನ್ ಹಾಕಿದ್ದ. ಜ್ವಾಲೆಗೆ ಕರಗುವ ಬಟ್ಟೆಯನ್ನು ಪ್ರಯಾಣಿಕರ ತಲೆಯ ಮೇಲೆಯೇ ಹೊಲಿದಿದ್ದ. ಇದನ್ನು ಮಾತ್ರ ನಾನು ಅಜ್ಞಾನವೆಂದು ಕ್ಷಮಿಸಲಾರೆ. ದಾಖಲೆ ಪುಸ್ತಕದಲ್ಲಿ ಕೆಲಸದ ವಿವರ, ದಿನಾಂಕ, ಸಹಿ, ಪರವಾನಗಿ ಸಂಖ್ಯೆ ಇರಬೇಕು. ಒಂದು ಸಾಲೂ ಇರಲಿಲ್ಲ. ಕೇಳಿದಾಗ "ಆಮೇಲೆ ಬರೆದುಕೊಡುತ್ತೇನೆ" ಎಂದಿದ್ದ. ಆ ಮಾತು ಕೇಳಿದ ಕೂಡಲೇ ಬಲೂನನ್ನು ವಾಪಸ್ಸು ಗಾಡಿಗೆ ಹೇರಿಕೊಳ್ಳಿ.

ಹಳೆಯ ಬಲೂನು ಕೊಳ್ಳುವವರು ಬಣ್ಣಕ್ಕೆ ಮರುಳಾಗುವ ಮೊದಲು ನೆತ್ತಿಯ ಒಳಗಡೆ ಹೊಲಿದಿರುವ ತಾಪದ ಚೀಟಿ ನೋಡಿ. ಬಟ್ಟೆ ಎಷ್ಟು ಡಿಗ್ರಿ ಕಾದಿತ್ತೆಂಬುದನ್ನು ಅದು ಕಪ್ಪಾಗಿ ಗುರುತಿಟ್ಟಿರುತ್ತದೆ, ಆ ಗುರುತು ಮತ್ತೆ ಅಳಿಯುವುದಿಲ್ಲ. ಗ್ರ್ಯಾಬ್ ಟೆಸ್ಟ್ ನಿಮ್ಮೆದುರೇ, ನೆತ್ತಿಯ ಬಟ್ಟೆಯ ಮೇಲೇ ಆಗಲಿ. ಮಾರುವವರು ಒಪ್ಪದಿದ್ದರೆ ಎದ್ದು ಬನ್ನಿ.

ನನ್ನ ಬಲೂನಿನ ಮೇಲ್ಭಾಗದ ಬಟ್ಟೆಯ ಪ್ಯಾನೆಲುಗಳನ್ನೆಲ್ಲ ಬದಲಿಸಬೇಕಾಗಿದೆ. ಅದರ ಖರ್ಚು ನಾವು ಬಲೂನು ಕೊಂಡ ಬೆಲೆಯ ಅರ್ಧಕ್ಕಿಂತ ಹೆಚ್ಚು. ಆ ವ್ಯಕ್ತಿ ಹಣ ಮರಳಿಸಲಿಲ್ಲ. ಈ ಸೆಪ್ಟೆಂಬರ್‌ನಲ್ಲೂ ಮನೆಮನೆಗೆ ಹೋಗಿ ಹೊಲಿಯುತ್ತಿದ್ದಾನೆ ಎಂದು ಮೊನ್ನೆ ಕೇಳಿದೆ.