ಆಟೋ ಟ್ಯಾಗರ್ ಕೈಗೆ ನಿಮ್ಮ ಹಾಡಿನ ಫೋಲ್ಡರ್ ಕೊಡುವ ಮುನ್ನ

ಹಾಡಿನ ಹೆಸರು, ಗಾಯಕರು, ವರ್ಷ, ಆಲ್ಬಮ್ ಚಿತ್ರ ಎಲ್ಲವನ್ನೂ, ಅಂದರೆ ಹಾಡಿನ ‘ಟ್ಯಾಗ್’ಗಳನ್ನು, ತಾನೇ ಹುಡುಕಿ ತುಂಬುವ ತಂತ್ರಾಂಶಗಳಿವೆ ಅಲ್ವಾ? ಅಂಥದ್ದೊಂದು ನಾನು ವರ್ಷಗಟ್ಟಲೆ ಕೂತು ಮಾಡಿದ್ದ ಕೆಲಸವನ್ನು ಒಂದೇ ರಾತ್ರಿಯಲ್ಲಿ ಅಳಿಸಿಹಾಕಿತು. ಅದರ ಹೆಸರು ಇಲ್ಲಿ ಬೇಡ. ಇದೇ ಥರ ಕೆಲಸ ಮಾಡುವವು ಇನ್ನೂ ಇವೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಸಂಗ್ರಹದಲ್ಲಿ ಹಳೇ ಕ್ಯಾಸೆಟ್‌ಗಳಿಂದ ಕಂಪ್ಯೂಟರಿಗೆ ಇಳಿಸಿದ ರೆಕಾರ್ಡಿಂಗ್‌ಗಳೇ ಜಾಸ್ತಿ. ಒಂದೊಂದು ಫೈಲಿನ ಕಾಮೆಂಟ್ ಜಾಗದಲ್ಲೂ ಟಿಪ್ಪಣಿ ಬರೆದಿದ್ದೆ. ವಾದ್ಯ ನುಡಿಸಿದವರು ಯಾರು, ಕ್ಯಾಸೆಟ್ ತಿರುಗಿಸಿ ಹಾಕುವಾಗ ಹಾಡಿನ ಯಾವ ಸಾಲು ತಪ್ಪಿಹೋಗಿದೆ, ಇಂಥವು. ಇವು ಯಾವ ಡೇಟಾಬೇಸ್‌ನಲ್ಲೂ ಸಿಗುವುದಿಲ್ಲ. ಆ ತಂತ್ರಾಂಶ ಅಷ್ಟನ್ನೂ ಒರೆಸಿ ಖಾಲಿ ಮಾಡಿತು. ‘ಹಳೇ ಟ್ಯಾಗ್ ತೆಗೆದುಹಾಕು’ ಅನ್ನುವ ಆಯ್ಕೆ ಮೊದಲಿನಿಂದಲೇ ಆನ್ ಆಗಿತ್ತು. ಬರೆಯುವ ಮುಂಚೆ ಒಂದು ಮಾತು ಕೇಳಲೂ ಇಲ್ಲ.

ಟ್ಯಾಗ್ ಇರುವುದು ಹಾಡಿನ ಫೈಲಿನ ಒಳಗೇ. ಅದರ ಮೇಲೆ ಹೊಸದು ಬರೆದರೆ ಹಳೆಯದು ಹೋಯಿತು ಅಂತಲೇ ಅರ್ಥ. ರೀಸೈಕಲ್ ಬಿನ್‌ನಲ್ಲಿ ಹುಡುಕಿದರೆ ಸಿಗುವಂಥದ್ದಲ್ಲ. ನನ್ನ ಬ್ಯಾಕಪ್ ಅಂತ ಇದ್ದದ್ದು ಸಿಂಕ್ ಆಗುವ ಫೋಲ್ಡರ್. ಬೆಳಗಾಗುವಷ್ಟರಲ್ಲಿ ಕೆಟ್ಟ ಫೈಲುಗಳೇ ಅಲ್ಲಿಗೂ ಹೋಗಿ ಕೂತಿದ್ದವು.

ಹಾಡನ್ನು ಇವು ಗುರುತಿಸುವುದು ಎರಡು ರೀತಿಯಲ್ಲಿ. ಹಾಡಿನ ಧ್ವನಿಯಿಂದಲೇ ತೆಗೆದ, ಬೆರಳಚ್ಚಿನಂಥ ಧ್ವನಿ ಗುರುತು (ಅಕೂಸ್ಟ್‌ಐಡಿ ಅಂಥದ್ದು) ಹಿಡಿದು ಮ್ಯೂಸಿಕ್‌ಬ್ರೈನ್ಜ್ ಥರದ ಡೇಟಾಬೇಸ್‌ನಲ್ಲಿ ಹುಡುಕುವುದು ಒಂದು. ಇದು ಒಳ್ಳೆಯ ದಾರಿಯೇ. ಆದರೆ ಒಂದೇ ರೆಕಾರ್ಡಿಂಗ್ ಮೂಲ ಆಲ್ಬಮ್‌ನಲ್ಲೂ ಇರುತ್ತದೆ, ಆಮೇಲೆ ಬಂದ ಹತ್ತಾರು ಆಯ್ದ ಹಾಡುಗಳ ಸಂಕಲನಗಳಲ್ಲೂ ಇರುತ್ತದೆ. ತಂತ್ರಾಂಶ ಯಾವುದನ್ನು ಆರಿಸುತ್ತದೋ ಅದೇ ಆಲ್ಬಮ್, ಅದರದೇ ವರ್ಷ. ಒಂದೇ ಆಲ್ಬಮ್‌ನ ಹಾಡುಗಳು ಬೇರೆಬೇರೆ ಸಂಕಲನಗಳಿಗೆ ಹಂಚಿಹೋದವು. ಹಳೇ ಹಾಡುಗಳಿಗೆ ಸಿಡಿ ಮರುಬಿಡುಗಡೆಯಾದ ವರ್ಷ ಬಂತು.

ಧ್ವನಿ ಗುರುತು ಸಿಗದಿದ್ದಾಗ ಹೆಸರು ಮತ್ತು ಅವಧಿ ನೋಡಿ ಊಹಿಸುವುದು ಇನ್ನೊಂದು. ಇದು ತುಂಬ ಅಪಾಯ. ವೇದಿಕೆ ಮೇಲೆ ಯಾರೋ ಹಾಡಿದ ಹಾಡಿಗೆ, ಅದೇ ಹಾಡನ್ನು ಸ್ಟುಡಿಯೋದಲ್ಲಿ ಹಾಡಿದ ಬೇರೆ ಗಾಯಕರ ಹೆಸರು ಅಂಟಿತು. ಕಾಮೆಂಟ್ ಇದ್ದಿದ್ದರೆ ಹಾಡಿದ್ದು ಯಾರು ಅಂತ ಗೊತ್ತಾಗುತ್ತಿತ್ತು. ಅದೂ ಇಲ್ಲ. ಕೆಲವು ದನಿಗಳು ಯಾರವು ಅಂತ ನನಗೆ ಇವತ್ತಿಗೂ ಖಚಿತವಾಗಿ ಹೇಳಲು ಆಗುತ್ತಿಲ್ಲ. ನನಗೆ ತೀರಾ ನೋವಾಗಿರುವುದು ಇದರಿಂದಲೇ.

ಕನ್ನಡದಲ್ಲಿದ್ದ ಹೆಸರುಗಳ ಕಥೆ ಬೇರೆ. ಹಳೇ ಪ್ಲೇಯರ್‌ಗಳಿಗೆ ಹೊಂದಲಿ ಅಂತ ತಂತ್ರಾಂಶ ಟ್ಯಾಗ್‌ಗಳನ್ನು ಐಎಸ್‌ಒ 8859-1 ಅನ್ನುವ ಹಳೇ ಅಕ್ಷರ ಸಂಕೇತ ಪದ್ಧತಿಯಲ್ಲಿ ಬರೆಯಿತು. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ನಿಮಗೂ ಹೀಗಾಗಿದ್ದರೆ ಸರಿಯಾಗಿ ನೋಡಿ. ಬರೀ ಚೌಕಗಳು ಕಂಡರೆ ಫಾಂಟ್ ಇಲ್ಲ ಅಷ್ಟೇ, ಹೆಸರು ಹಾಗೇ ಇದೆ. ತಲೆಮೇಲೆ ಗೀಟು ಹೊತ್ತ ಇಂಗ್ಲಿಷಿನ ‘ಎ’ (à) ಪದೇಪದೇ ಕಂಡರೆ ಯುಟಿಎಫ್-8ರಲ್ಲಿ (ಕನ್ನಡವೂ ಇರುವ ಅಕ್ಷರ ಸಂಕೇತ ಪದ್ಧತಿ) ಬರೆದದ್ದನ್ನು ಪ್ಲೇಯರ್ ತಪ್ಪಾಗಿ ಓದುತ್ತಿದೆ, ಸರಿಮಾಡಬಹುದು. ಸಾಲಾಗಿ ಪ್ರಶ್ನೆ ಚಿಹ್ನೆಗಳೇ ಫೈಲಿನಲ್ಲಿ ಉಳಿದಿದ್ದರೆ ಅಕ್ಷರಗಳು ಹೋಗಿಬಿಟ್ಟಿವೆ. ನನಗೆ ಆಗಿದ್ದು ಇದು.

ಸ್ವಲ್ಪ ಸಿಕ್ಕಿದ್ದು ಅನಿರೀಕ್ಷಿತ ಜಾಗದಲ್ಲಿ. ಹಳೇ ಎಂಪಿ3 ಫೈಲುಗಳ ಕೊನೆಯ 128 ಬೈಟ್‌ಗಳಲ್ಲಿ ಐಡಿ3ಯ (ಎಂಪಿ3ಯಲ್ಲಿ ಟ್ಯಾಗ್ ಬರೆಯುವ ಕ್ರಮ) ಮೊದಲ ಆವೃತ್ತಿಯ ಟ್ಯಾಗ್ ಸಾಮಾನ್ಯವಾಗಿ ಇರುತ್ತದೆ. ತಂತ್ರಾಂಶ ಎರಡನೇ ಆವೃತ್ತಿಯದನ್ನು ಮಾತ್ರ ಬದಲಿಸಿ ಇದನ್ನು ಬಿಟ್ಟುಬಿಟ್ಟಿತ್ತು. ಹೆಸರಿಗೆ, ಗಾಯಕರಿಗೆ, ಆಲ್ಬಮ್‌ಗೆ ತಲಾ 30 ಅಕ್ಷರ ಮಾತ್ರ ಜಾಗ, ಅದೂ ಇಂಗ್ಲಿಷಿನಲ್ಲಿ. ಅರ್ಧಕ್ಕೆ ತುಂಡಾದ ಹೆಸರುಗಳಾದರೂ ಸಿಕ್ಕಿದವು. ನೀವೂ ಸಿಕ್ಕಿಬಿದ್ದಿದ್ದರೆ ಬೇರೆ ಏನನ್ನೂ ಉಳಿಸುವ ಮುನ್ನ ಅಲ್ಲಿ ನೋಡಿ. ಫ್ಲ್ಯಾಕ್ (ಇನ್ನೊಂದು ಬಗೆಯ ಹಾಡಿನ ಫೈಲು) ಫೈಲುಗಳಿಗೆ ಆ ಭಾಗ್ಯ ಇರಲಿಲ್ಲ.

ಫೈಲುಗಳ ಹೆಸರನ್ನೂ ಅದು ಬದಲಿಸಿತ್ತು. ಎಂ3ಯು ಪ್ಲೇಲಿಸ್ಟ್ ಹಾಡನ್ನು ಹುಡುಕುವುದು ಫೈಲಿನ ದಾರಿ (ಫೋಲ್ಡರ್ ಮತ್ತು ಹೆಸರು) ಹಿಡಿದು. ಹಾಗಾಗಿ ಪ್ಲೇಲಿಸ್ಟ್‌ಗಳೂ ಕೆಲಸಕ್ಕೆ ಬಾರದಾದವು.

ಇಂಥ ತಂತ್ರಾಂಶ ಬೇಡವೇ ಬೇಡ ಅನ್ನುತ್ತಿಲ್ಲ. ಮ್ಯೂಸಿಕ್‌ಬ್ರೈನ್ಜ್‌ನ ಪಿಕಾರ್ಡ್ ಅನ್ನುವ ಟ್ಯಾಗರ್‌ನಲ್ಲಿ ನೀವು ಸೇವ್ ಒತ್ತುವವರೆಗೆ ಫೈಲು ಬದಲಾಗುವುದಿಲ್ಲ, ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕ ನೋಡಬಹುದು. ಹಾಗೆ ತೋರಿಸದ ತಂತ್ರಾಂಶವನ್ನು ಮುಟ್ಟಬೇಡಿ. ಮೊದಲು ಇಡೀ ಸಂಗ್ರಹವನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿಡಿ. ಎಂಪಿ3ಟ್ಯಾಗ್‌ನಂಥ ಟ್ಯಾಗ್ ತಿದ್ದುವ ತಂತ್ರಾಂಶದಿಂದ ಟ್ಯಾಗ್‌ಗಳನ್ನೆಲ್ಲ ಒಂದು ಪಟ್ಟಿಯಾಗಿ ಹೊರತೆಗೆದು ಇಡಿ, ಕಾಮೆಂಟ್ ಸೇರಿಸಿ. ಫೈಲ್ ಹೆಸರು ಬದಲಿಸುವ, ಜಾಗ ಬದಲಿಸುವ ಆಯ್ಕೆಗಳನ್ನು ಆಫ್ ಮಾಡಿ. ಎಂಪಿ3ಗೆ ಐಡಿ3 2.3 ಆದರೆ ಯುಟಿಎಫ್-16, 2.4 ಆದರೆ ಯುಟಿಎಫ್-8 ಆರಿಸಿ. ಆಮೇಲೆ ಒಂದೇ ಒಂದು ಆಲ್ಬಮ್‌ನ ನಕಲಿನ ಮೇಲೆ ಓಡಿಸಿ ನೋಡಿ.

ಮೀಡಿಯಾ ಪ್ಲೇಯರ್‌ನ ಸೆಟ್ಟಿಂಗ್ಸನ್ನೂ ತೆಗೆದು ನೋಡಿ. ಕೆಲವು ಪ್ಲೇಯರ್‌ಗಳು ಇಂಟರ್ನೆಟ್‌ನಿಂದ ತಂದ ಮಾಹಿತಿಯನ್ನು ಸುಮ್ನೆ ಫೈಲಿಗೇ ಬರೆದುಬಿಡುತ್ತವೆ. ಆ ಆಯ್ಕೆ ಆನ್ ಇದ್ದರೆ ಈಗಲೇ ಆಫ್ ಮಾಡಿ.