ಸ್ವಿಚ್ಚು, ಬ್ಲೆಂಡ್ ನಾಬ್, ಪೀಜೋ: ಪಿಕಪ್ ಬೆರೆಸಿ ನೋಡಿದ ಒಂದು ಮಳೆಗಾಲ

ನನ್ನ ಸ್ಕೂಟರ್‌ನಲ್ಲಿ ಒಂದೇ ಗಿಟಾರ್ ಹಿಡಿಸುತ್ತದೆ. ಸಮಸ್ಯೆ ಶುರುವಾದದ್ದೇ ಅಲ್ಲಿಂದ. ಮಂಗಳೂರಿನಲ್ಲಿ ಮದುವೆಗೆ ನುಡಿಸಲು ಹೋದರೆ ಒಂದೇ ರಾತ್ರಿ ಕುಣಿಯಲು ಕೊಂಕಣಿ ಬೈಲಾ ಬೇಕು, ಹಳೇ ಸಿನಿಮಾ ಹಾಡು ಬೇಕು, ಕೊನೆಗೆ ಹುಡುಗರ ಒತ್ತಾಯಕ್ಕೆ ರಾಕ್ ಕೂಡ ಬೇಕು. ಒಂದಕ್ಕೆ ತೆಳು ದನಿ, ಇನ್ನೊಂದಕ್ಕೆ ದಪ್ಪ ದನಿ, ಮತ್ತೊಂದಕ್ಕೆ ಅಕೂಸ್ಟಿಕ್ ಥರದ್ದು. ಹಾಗಾಗಿ ಪಿಕಪ್ ದನಿ ಬೆರೆಸುವ ದಾರಿಗಳನ್ನು ಒಂದೊಂದಾಗಿ ನೋಡಿದೆ. ಪಿಕಪ್ ಎಂದರೆ ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸಿ ಆಂಪ್‌ಗೆ ಕಳಿಸುವ ಭಾಗ. ಬಿಜೈಯ ಮನೆಯಲ್ಲಿ ಕೂತು, ಅದೇ ಆಂಪ್, ಅದೇ ಕೇಬಲ್, ಅದೇ ದಪ್ಪದ (10ರ) ತಂತಿ ಸೆಟ್. ತಂತಿಯನ್ನು ನಡುವೆ ಎರಡು ಸಲ ಬದಲಿಸಬೇಕಾಯಿತು. ನಮ್ಮ ಉಪ್ಪುಗಾಳಿ ಗೊತ್ತಲ್ಲ. ತುಕ್ಕು ಹಿಡಿದ ತಂತಿಯಲ್ಲಿ ಪಿಕಪ್ ಹೋಲಿಸುವುದು ಸುಮ್ನೆ ದಂಡ.

ಮೊದಲು, ಯಾವ ಪಿಕಪ್ ಕೇಳಬೇಕೆಂದು ಆರಿಸುವ ಐದು ಸ್ಥಾನದ ಸ್ವಿಚ್ಚು. ನನ್ನದು ಸ್ಟ್ರಾಟೋಕಾಸ್ಟರ್ ಮಾದರಿ, ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್. 1954ರಲ್ಲಿ ಫೆಂಡರ್ ಇದನ್ನು ತಂದಾಗ ಸ್ವಿಚ್ಚಿಗೆ ಮೂರೇ ಸ್ಥಾನ ಇತ್ತು. ನುಡಿಸುವವರು ಅದನ್ನು ಎರಡರ ನಡುವೆ ಸಿಕ್ಕಿಸಿ ಬೆರಕೆ ದನಿ ತೆಗೆಯುತ್ತಿದ್ದರು. 1977ರಲ್ಲಿ ಕಂಪನಿಯೇ ಐದು ಸ್ಥಾನ ಕೊಟ್ಟಿತು. ಎರಡನೆಯದರಲ್ಲೂ ನಾಲ್ಕನೆಯದರಲ್ಲೂ ಎರಡೆರಡು ಪಿಕಪ್ ಪ್ಯಾರಲಲ್ ಆಗಿ ಕೂಡುತ್ತವೆ.

ಎರಡು ಸೇರಿದರೆ ದನಿ ದಪ್ಪ ಆಗಬೇಕು ಅಲ್ವಾ? ಆಗುವುದಿಲ್ಲ, ತೆಳ್ಳಗಾಗುತ್ತದೆ. ಮೂಲ ಸ್ವರಕ್ಕೆ ತಂತಿ ಎರಡೂ ಪಿಕಪ್‌ಗಳ ಮೇಲೆ ಒಂದೇ ದಿಕ್ಕಿಗೆ ಅಲ್ಲಾಡುತ್ತದೆ. ಆದರೆ ಅದರ ಜೊತೆಗೇ ಹುಟ್ಟುವ ಮೇಲಿನ ಕೆಲವು ಸ್ವರಗಳಲ್ಲಿ, ಅಂದರೆ ಹಾರ್ಮೋನಿಕ್‌ಗಳಲ್ಲಿ, ಒಂದು ಪಿಕಪ್ ಮೇಲೆ ತಂತಿ ಏರುವಾಗ ಇನ್ನೊಂದರ ಮೇಲೆ ಇಳಿಯುತ್ತಿರುತ್ತದೆ. ಅವು ಒಂದನ್ನೊಂದು ಹೊಡೆದುಹಾಕುತ್ತವೆ. ಉಳಿದದ್ದೇ ಆ ಬಾತುಕೋಳಿ ಕೂಗಿನಂಥ 'ಕ್ವ್ಯಾಕ್'. ಬೈಲಾದ ಚಕಚಕ ಹೊಡೆತಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಇನ್ನೊಂದು ಲಾಭ ಉಂಟು. ನನ್ನ ಗಿಟಾರ್‌ನ ನಡುವಿನ ಪಿಕಪ್‌ನ ಸುರುಳಿ ಸುತ್ತಿದ ದಿಕ್ಕೂ ಉಲ್ಟಾ, ಅಯಸ್ಕಾಂತವೂ ಉಲ್ಟಾ. ತಂತಿಯ ದನಿ ಕೂಡುತ್ತದೆ, ಕರೆಂಟಿನ 50 ಹರ್ಟ್ಜ್ ಗುಂಯ್‌ಗುಟ್ಟುವಿಕೆ ಕಳೆಯುತ್ತದೆ. ಮದುವೆ ಹಾಲ್‌ನ ಸೀರಿಯಲ್ ಲೈಟುಗಳ ಕೆಳಗೆ ನಿಂತವರಿಗೆ ಇದರ ಬೆಲೆ ಗೊತ್ತು.

ಆದರೆ ಈ ಸ್ವಿಚ್ಚಿನಲ್ಲಿ ಕುತ್ತಿಗೆ ಕಡೆಯ ಪಿಕಪ್, ಬ್ರಿಡ್ಜ್ (ತಂತಿಯ ಕೆಳತುದಿ ಕೂರುವ ಜಾಗ) ಕಡೆಯ ಪಿಕಪ್ ಎರಡೇ ಒಟ್ಟಿಗೆ ಬರುವುದಿಲ್ಲ. ಮೂರೂ ಒಟ್ಟಿಗೆ ಬರುವುದಿಲ್ಲ. ಅದಕ್ಕೇ ಬ್ಲೆಂಡ್ ನಾಬ್. ಹೊಸ ಉಪಾಯವೇನಲ್ಲ. 1950ರಲ್ಲಿ ಬಂದ ಫೆಂಡರ್ ಬ್ರಾಡ್‌ಕಾಸ್ಟರ್‌ನಲ್ಲಿಯೇ ಬ್ರಿಡ್ಜ್ ದನಿಗೆ ಕುತ್ತಿಗೆ ದನಿ ಬೆರೆಸುವ ನಾಬ್ ಇತ್ತು.

ನಾನು ಎರಡನೇ ಟೋನ್ ನಾಬ್ ಕಿತ್ತು ಅಲ್ಲಿ 250 ಕಿಲೋ ಓಮ್‌ನ ಪಾಟ್ (ತಿರುಗಿಸಿದರೆ ಒಳಗಿನ ವಿದ್ಯುತ್ ತಡೆ ಬದಲಾಗುವ ಭಾಗ) ಬೆಸುಗೆ ಹಾಕಿದೆ. ಕುತ್ತಿಗೆ ಪಿಕಪ್ ಅದರ ಮೂಲಕ ಹೊರಗೆ ಬರುತ್ತದೆ, ಅಷ್ಟೇ. ಒಂದು ತುದಿಯಲ್ಲಿ ಸಂಪರ್ಕ ಪೂರ್ತಿ ಕಡಿಯಬೇಕಲ್ಲ, ಅಲ್ಲಿ ಕಾರ್ಬನ್ ಪಟ್ಟಿಗೆ ಅಕ್ಕನ ನೈಲ್ ಪಾಲಿಶ್ ಹಚ್ಚಿದೆ. ಮೊದಲ ಸಲ ತಿರುಗಿಸಿದಾಗ ನಿರಾಸೆ. ಅಕ್ಕನನ್ನು ಬೆನ್ನು ತಿರುಗಿಸಿ ಕೂರಿಸಿ ನಾಬ್ ತಿರುಗಿಸುತ್ತಾ ಹೋದೆ. 1ರಿಂದ 7ರವರೆಗೆ ಎಂತ ಬದಲಾಯಿತು ಎಂದರೆ, "ಎಂತದೂ ಇಲ್ಲ" ಅಂದಳು. 9 ದಾಟಿದ ಮೇಲೆ ಒಮ್ಮೆಲೇ ಎಲ್ಲವೂ ಬಂತು.

ಕಾರಣ ಸರಳ. ನನ್ನ ಪಿಕಪ್ ಮೀಟರ್‌ನಲ್ಲಿ 6 ಕಿಲೋ ಓಮ್ ಆಸುಪಾಸು ತೋರಿಸುತ್ತದೆ. ಅದರ ದಾರಿಯಲ್ಲಿ ಇನ್ನೂ 50 ಕಿಲೋ ಓಮ್ ಅಡ್ಡ ಕೂತಿದ್ದರೆ ದನಿ ಎಷ್ಟು ದಾಟೀತು? ಆಟವೆಲ್ಲ ಕೊನೆಯ 25 ಕಿಲೋ ಓಮ್‌ನಲ್ಲಿ. ತಡೆ ಸಮನಾಗಿ ಏರುವ ಲೀನಿಯರ್ ಪಾಟ್‌ನಲ್ಲಿ ಅದು ಸುತ್ತಿನ ಹತ್ತನೇ ಒಂದು ಭಾಗ. 'ಎ 250ಕೆ' ಎಂದು ಬರೆದ, ಮೊದಲು ನಿಧಾನ ಆಮೇಲೆ ಬೇಗ ಏರುವ ಆಡಿಯೋ ಪಾಟ್ ಹಾಕಿದ ಮೇಲೆ ಆ ಭಾಗ ಅರ್ಧ ಸುತ್ತಿಗೆ ಹರಡಿತು. ತಿರುಗಿಸುವ ದಿಕ್ಕು ಮಾತ್ರ ಉಲ್ಟಾ ಆಯಿತು, ಈಗ ಇಳಿಸಿದರೆ ಕುತ್ತಿಗೆ ದನಿ ಏರುತ್ತದೆ. ಕೈ ಇನ್ನೂ ಒಗ್ಗಿಲ್ಲ.

ಇಷ್ಟು ಕಷ್ಟಕ್ಕೆ ಸಿಕ್ಕಿದ್ದೇನು? ಬ್ರಿಡ್ಜ್ ದನಿಯ ಚುರುಕಿಗೆ ಕುತ್ತಿಗೆ ದನಿಯ ಒಂದು ಚಿಟಿಕೆ. ಸಾರಿಗೆ ಬೆಲ್ಲ ಹಾಕಿದ ಹಾಗೆ, ಸಿಹಿ ಗೊತ್ತಾಗಬಾರದು, ಖಾರ ಸ್ವಲ್ಪ ತಗ್ಗಬೇಕು. ಆ ಒಂದು ಜಾಗ ನನಗೆ ಬಹಳ ಇಷ್ಟ. ಉಳಿದ ಸುತ್ತು ಲೆಕ್ಕಕ್ಕಷ್ಟೇ. ಈ ಎರಡು ಪಿಕಪ್ ಒಂದೇ ರೀತಿ ಸುತ್ತಿದವು, ಹಾಗಾಗಿ ಗುಂಯ್ ಸದ್ದು ಕಳೆಯುವುದಿಲ್ಲ. ಮನೆಯಲ್ಲಿ ತೊಂದರೆ ಇಲ್ಲ. ಜನರೇಟರ್ ಹಾಲ್‌ನಲ್ಲಿ ಬೇಡ ಮಾರಾಯ್ರೆ.

ಬ್ಯಾಂಡಿನ ಗೆಳೆಯನ ಎರಡು ಹಂಬಕರ್ (ಗುಂಯ್ ಕಳೆಯುವ ಜೋಡಿ ಸುರುಳಿಯ ಪಿಕಪ್) ಇರುವ ಗಿಟಾರನ್ನೂ ತಂದು ನೋಡಿದೆ. ಪ್ರತಿ ಪಿಕಪ್‌ಗೆ ಬೇರೆ ವಾಲ್ಯೂಮ್, ಸ್ವಿಚ್ಚು ನಡುವೆ ಇಟ್ಟರೆ ಎರಡನ್ನೂ ಬೆರೆಸಬಹುದು. ಗುಂಯ್ ಇಲ್ಲ, ದನಿ ದಪ್ಪ, ರಾಕ್‌ಗೆ ಇದೇ ಸರಿ. ಆದರೆ ಒಂದು ವಾಲ್ಯೂಮ್ ಪೂರ್ತಿ ಇಳಿಸಿದರೆ ಎರಡೂ ಬಾಯಿ ಮುಚ್ಚುತ್ತವೆ, ಯಾಕೆಂದರೆ ಆಗ ಔಟ್‌ಪುಟ್ಟೇ ಗ್ರೌಂಡಿಗೆ ಜೋಡಿಸಿದ ಹಾಗೆ. ಒಳಗೆ ವಯರ್ ಅದಲುಬದಲು ಮಾಡಿದರೆ ಸರಿಹೋಗುತ್ತದೆ, ಆದರೆ ವಾಲ್ಯೂಮ್ ಇಳಿಸಿದಾಗ ದನಿ ಮಂಕಾಗುತ್ತದೆ.

ಪೀಜೋದ ಕಥೆಯೇ ಬೇರೆ. ಉಡುಪಿಯ ಚಿಕ್ಕಪ್ಪನ ಮಗನ ಗಿಟಾರ್‌ನಲ್ಲಿ ಬ್ರಿಡ್ಜ್‌ನಲ್ಲಿ ತಂತಿ ಒರಗುವ ಪ್ರತಿ ಸ್ಯಾಡಲ್‌ನೊಳಗೂ ಒಂದೊಂದು ಪೀಜೋ ತುಣುಕು ಉಂಟು. ಇದು ಅಯಸ್ಕಾಂತದಿಂದಲ್ಲ, ತಂತಿಯ ಒತ್ತಡದಿಂದ ವಿದ್ಯುತ್ ಹುಟ್ಟಿಸುತ್ತದೆ. 1993ರ ಪಾರ್ಕರ್ ಫ್ಲೈ ಗಿಟಾರ್ ಎರಡೂ ಬಗೆಯನ್ನು ಒಟ್ಟಿಗೆ ಇಟ್ಟುಕೊಂಡು ಬಂದಿತ್ತು. ಮ್ಯಾಗ್ನೆಟಿಕ್ ಪಿಕಪ್‌ಗಳನ್ನು ಬೆರೆಸಿದರೆ ಅವು ಒಂದರ ಮೇಲೊಂದು ಭಾರ ಹಾಕಿ ಮೂರನೆಯದೇ ಆಗುತ್ತವೆ. ಪೀಜೋಗೆ ತನ್ನದೇ ಪ್ರಿಆಂಪ್ (ದನಿ ಹಿಗ್ಗಿಸುವ ಪುಟ್ಟ ಸರ್ಕ್ಯೂಟ್) ಇರುವುದರಿಂದ ಎರಡೂ ಬೇರೆಬೇರೆಯಾಗಿ ಕೇಳುತ್ತವೆ. ನಮ್ಮ ಗಡ್‌ಬಡ್ ಐಸ್‌ಕ್ರೀಮಿನ ಹಾಗೆ. ಒಂದೇ ಗ್ಲಾಸು, ಆದರೆ ಹಣ್ಣು, ಜೆಲ್ಲಿ, ಐಸ್‌ಕ್ರೀಮು ಬೇರೆಬೇರೆ ನಾಲಗೆಗೆ ಸಿಗುತ್ತವೆ. ನಿಧಾನ ಹಾಡಿಗೆ ಕಾಲುಭಾಗ ಪೀಜೋ ಸೇರಿಸಿದಾಗ ಅಕ್ಕ ಅಡುಗೆಮನೆಯಿಂದ ಇಣುಕಿ, ಅಕೂಸ್ಟಿಕ್ ಗಿಟಾರ್ ಯಾವಾಗ ತಂದೆ ಎಂದು ಕೇಳಿದಳು.

ಸಾಮಾನ್ಯ ಗಿಟಾರ್ ಆಂಪ್‌ನಲ್ಲಿ ಪೀಜೋ ದನಿ ಡಬ್ಬದೊಳಗಿನಿಂದ ಬಂದ ಹಾಗಿರುತ್ತದೆ. ಅದನ್ನು ನೇರ ಮಿಕ್ಸರ್‌ಗೇ ಕೊಡಬೇಕು. ಮತ್ತೆ ಪ್ರಿಆಂಪ್‌ನ ಆ 9 ವೋಲ್ಟ್ ಬ್ಯಾಟರಿ! ಕೇಬಲ್ ಚುಚ್ಚಿಟ್ಟರೆ ಅದು ಇಳಿಯುತ್ತಲೇ ಇರುತ್ತದೆ. ಹಿಂದಿನ ರಾತ್ರಿ ಕೇಬಲ್ ತೆಗೆಯಲು ಮರೆತೆ. ಮರುದಿನ ಮದುವೆಯ ಮೊದಲ ಹಾಡಿನಲ್ಲೇ ದನಿ ಗೊರಗೊರ ಎಂದು ಸತ್ತುಹೋಯಿತು. ಮದುಮಕ್ಕಳು ನೃತ್ಯ ನಿಲ್ಲಿಸಲಿಲ್ಲ, ಕೀಬೋರ್ಡಿನವನು ಕಾಪಾಡಿದ.

ಈಗ ಸ್ಕೂಟರ್‌ನಲ್ಲಿ ಹೋಗುವುದು ನನ್ನ ಸ್ಟ್ರಾಟೇ. ಹಾಲ್‌ನಲ್ಲಿ ನಾಲ್ಕನೇ ಸ್ಥಾನ, ಮನೆಯಲ್ಲಿ ಬ್ಲೆಂಡ್ ನಾಬ್. ಆ ಚಿಟಿಕೆ ಜಾಗಕ್ಕೆ ನಾಬ್ ಪಕ್ಕದಲ್ಲಿ ಅದೇ ನೈಲ್ ಪಾಲಿಶ್‌ನ ಕೆಂಪು ಚುಕ್ಕಿ ಇಟ್ಟಿದ್ದೇನೆ. ಅಕ್ಕನಿಗೆ ಹೊಸ ಬಾಟ್ಲಿ ಬಾಕಿ ಉಂಟು.